ಸದ್ದಿಗೆ ಬೆಚ್ಚುವ ಊರುಗಳು

2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ನಿಲಂಗಾ ತಾಲ್ಲೂಕಿನ ಹಾಸೋರಿಯಲ್ಲಿ ನೆಲದೊಳಗಿಂದ ಸದ್ದು ಕೇಳಿಬಂದು ಜನ ಕಂಗಾಲಾದರು. ಅದು ಪುಕ್ಕಲುತನವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ ಭೂಕಂಪವಾಗಿ ಕಿಲ್ಲಾರಿ, ಉಮರ್ಗಾ ಸೀಮೆಯ ಕಲ್ಲು-ಮಣ್ಣಿನ ಮನೆಗಳು ಮಲಗಿದವರ ಮೇಲೆಯೇ ಕುಸಿದು ಸುಮಾರು 10,000 ಜೀವ ಹೋಗಿದ್ದವು. ಅಂಥ ಪೆಟ್ಟು ತಿಂದ ಎಷ್ಟೋ ಜನರ ಮಿದುಳಿನಲ್ಲಿ ಭಯ ಕಾಯುವ ಅಮಿಗ್ಡಲಾ ವರ್ಷಗಟ್ಟಲೆ ಕಣ್ಣು ಮುಚ್ಚುವುದಿಲ್ಲ. ಕೇಳಿದ್ದು ಏನೆಂದು ತಿಳಿಯುವ ಮೊದಲೇ ಮಿದುಳುಕಾಂಡ ಮೈಯನ್ನು ಬೆಚ್ಚಿಸಿಬಿಡುತ್ತದೆ. ತಗಡಿನ ಮೇಲೆ ತಂಬಿಗೆ ಉರುಳಿದರೂ ಸಾಕು, ಎದೆ ಹೊಡೆದುಕೊಳ್ಳುತ್ತದೆ. ‘ಇಷ್ಟಕ್ಕೇ ಅಂಜತೀಯೇನು?’ ಎಂದು ಗದರುವುದು ಅನ್ಯಾಯ. ಭೂಕಂಪಮಾಪಕದಷ್ಟೇ ಅಗತ್ಯವಾಗಿ ಉಮರ್ಗಾ, ನಿಲಂಗಾ, ಉದಗೀರದ ಸರ್ಕಾರಿ ಆಸ್ಪತ್ರೆಗಳಿಗೆ ಮನೋವೈದ್ಯರು ಬೇಕು. ಈ ಗಡಿಸೀಮೆಯಲ್ಲಿ ಕನ್ನಡದಲ್ಲಿ ನೋವು ಹೇಳಿಕೊಳ್ಳುವ ಅಜ್ಜಿಗೆ ಕನ್ನಡದಲ್ಲೇ ಕಿವಿಗೊಡುವವರು ಬೇಕು.