ಮೈದಾನಕ್ಕೆ ಜೆಸಿಬಿ ಬೇಡ, ಗರಿಕೆ ಸಾಕು

ಈ ವಾರ ರಾಗಿ ಬಿತ್ತನೆ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಇವತ್ತು ನಮ್ಮೂರ ಹೈಸ್ಕೂಲ್ ಮೈದಾನದ ಹುಲ್ಲಿನ ವಿಷಯ. ಈ ವಯಸ್ಸಲ್ಲಿ ಇವನಿಗೆ ಕ್ರಿಕೆಟ್ ಹುಚ್ಚು ಹಿಡೀತಾ ಅಂತ ನಗಬೇಡಿ. ಮೈದಾನದ ಹುಲ್ಲೂ ಒಂದು ಬೆಳೆನೇ. ಬೆಳೆಯೋಕೆ ಗೊತ್ತಿರೋರು ನಾವು, ತೀರ್ಮಾನ ಮಾಡ್ತಿರೋರು ಬೇರೆಯವರು. ಅದಕ್ಕೇ ಬರೀತಿದೀನಿ.

ನಮ್ಮ ಹುಡುಗರು ಸಂಕ್ರಾಂತಿ ಟೂರ್ನಮೆಂಟ್‌ಗೆ ಮೈದಾನ ಸರಿ ಮಾಡಿಸಬೇಕು ಅಂತ ಓಡಾಡ್ತಿದಾರೆ. ಒಳ್ಳೇದೇ. ಆದರೆ ಮೊನ್ನೆ ಕೂತು ಹಾಕಿರೋ ಪ್ಲಾನ್ ಏನಂದ್ರೆ, ಜೆಸಿಬಿ ತಂದು ಪೂರ್ತಿ ಕೆರೆಸೋದು, ಮೇಲೆ ಕೆಂಪು ಮಣ್ಣು ಹೊಡೆಸೋದು, ನರ್ಸರಿಯಿಂದ ಹುಲ್ಲಿನ ಹಾಸು ತಂದು ಹಾಸೋದು, ನೀರಿಗೆ ಮೂಲೇಲಿ ಒಂದು ಬೋರ್ ಕೊರೆಸೋದು. ಬೋರ್‌ಗೆ ಗುರುತು ಮಾಡಿರೋ ಜಾಗದಿಂದ ಪಕ್ಕದ ತೆಂಗಿನ ತೋಟದ ಬೋರ್‌ಗೆ ನೂರು ಗಜಾನೂ ಇಲ್ಲ.

ಮೊದಲು ನನ್ನ ತಪ್ಪು ಹೇಳ್ಕೊಂಡು ಬಿಡ್ತೀನಿ. ಆ ಮೈದಾನವನ್ನು ಮೊಟ್ಟಮೊದಲು ಕೆರೆದಿದ್ದು ನನ್ನ ಟ್ರ್ಯಾಕ್ಟರ್ ಬ್ಲೇಡೇ. ಹನ್ನೊಂದು ವರ್ಷ ಆಯ್ತು. ಬಾಡಿಗೆ ಬೇಡ ಅಂದೆ, ಸ್ಟೇಜ್ ಮೇಲೆ ಕರೆದು ಹಾರ ಹಾಕಿದ್ರು. ಅಲ್ಲಿವರೆಗೂ ಅಲ್ಲಿ ಗರಿಕೆ ಇತ್ತು. ಗಣೇಶನ ಹಬ್ಬಕ್ಕೆ ಮಕ್ಕಳು ಅಲ್ಲಿಂದಲೇ ಕಿತ್ತು ತರ್ತಿದ್ವು. ನಾನು ಕೆರೆದ ಮೇಲೆ ಮೇಲ್ಮಣ್ಣು ಹೋಯ್ತು, ಕಲ್ಲು ಎದ್ದವು. ಮುಂದಿನ ಮಳೆಗೆ ಹುಟ್ಟಿದ್ದು ಪಾರ್ಥೇನಿಯಂ ಮತ್ತೆ ನೆಗ್ಗಿಲು ಮುಳ್ಳು. ಅದನ್ನು ತೆಗೆಯೋಕೆ ಮರುವರ್ಷ ಮತ್ತೆ ಕೆರೆತ, ಅದರ ಮರುವರ್ಷ ಮತ್ತೆ. ಆ ನೆಲದ ಮೇಲೆ ನಮ್ಮಣ್ಣನ ಮಗ ಬೌಂಡರಿ ತಡೆಯೋಕೆ ಡೈವ್ ಹೊಡೆದು ಮಂಡಿಗೆ ಏಳು ಹೊಲಿಗೆ ಹಾಕಿಸ್ಕೊಂಡ. ಇವತ್ತಿಗೂ ಅವನ ಕಡೆ ಬಾಲ್ ಬಂದ್ರೆ ಕಾಲು ಅಡ್ಡ ಇಡ್ತಾನೆ, ಬಗ್ಗಲ್ಲ. ಅವನನ್ನು ನೋಡಿದಾಗೆಲ್ಲ ನನಗೆ ಆ ಹಾರ ನೆನಪಾಗುತ್ತೆ.

ಸ್ಟೇಡಿಯಂಗಳಲ್ಲಿ ಬರ್ಮುಡಾ ಗ್ರಾಸ್ ಅಂತ ಬೆಳೆಸ್ತಾರಲ್ಲ, ಅದು ನಮ್ಮ ಗರಿಕೆಯ ಜಾತಿಯೇ. ರಾಗಿ ಹೊಲದಲ್ಲಿ ಕುಂಟೆಗೆ ಸುತ್ತಿಕೊಂಡು ಎತ್ತು ನಿಲ್ಲಿಸುತ್ತಲ್ಲ, ಅದೇ. ನಾವು ದುಡ್ಡು ಕೊಟ್ಟು ಔಷಧಿ ಹೊಡೆದು ಸಾಯಿಸ್ತೀವಿ, ಅವರು ಸಂಬಳಕ್ಕೆ ಆಳಿಟ್ಟು ಸಾಕ್ತಾರೆ. ಇದರ ಒಂದೊಂದು ಗೆಣ್ಣಲ್ಲೂ ಜೀವ ಇದೆ. ಗರಿಕೆ ಇರೋ ಹೊಲಕ್ಕೆ ರೋಟವೇಟರ್ ಹೊಡೆದು ಒಂದಿದ್ದದ್ದನ್ನು ನೂರು ಮಾಡಿಕೊಂಡೋರು ನಮ್ಮಲ್ಲಿ ಎಷ್ಟು ಜನ ಇಲ್ಲ! ಆ ಗುಣವೇ ಮೈದಾನಕ್ಕೆ ಬೇಕಾಗಿರೋದು. ಆಡಿ ತುಳಿದ್ರೂ ಬಳ್ಳಿ ಹರಿದು ಮತ್ತೆ ಕೂಡಿಕೊಳ್ಳುತ್ತೆ. ನೆರಳಲ್ಲಿ ಮಾತ್ರ ಬರಲ್ಲ, ಹಾಗಾಗಿ ಹುಣಸೆಮರದ ಕೆಳಗೆ ಹಾಕಿ ದಂಡ ಮಾಡೋದು ಬೇಡ.

ನಾನು ಹೇಳೋದು ಇಷ್ಟು. ಆರಿದ್ರಾ ಮಳೆ ಹದ ನೋಡಿಕೊಂಡು ಒಂದು ಸಲ ಕಲ್ಟಿವೇಟರ್ ಹೊಡೆದು ಕಲ್ಲು ಆರಿಸೋಣ. ನಡುವಿನ ಪಿಚ್ ಎತ್ತರ, ಬೌಂಡರಿ ತಗ್ಗು ಬರೋ ಹಾಗೆ ನೂರು ಅಡಿಗೆ ಒಂದಡಿ ಇಳಿಜಾರು ಕೊಡೋಣ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕೋಣ. ಹಸಿ ಗೊಬ್ಬರ ಬೇಡವೇ ಬೇಡ, ಕಳೆ ಬೀಜ ಅದರಲ್ಲೇ ಬರೋದು. ಪುನರ್ವಸುವಿನಲ್ಲಿ ಅಡಿಗೊಂದು ಸಾಲು ಎಳೆದು, ಎರಡು ಮೂರು ಗೆಣ್ಣಿರೋ ಗರಿಕೆ ಬಳ್ಳಿ ಇಟ್ಟು, ತುದಿ ಮೇಲೆ ಬಿಟ್ಟು ಮಣ್ಣು ಮುಚ್ಚೋದು. ರಾಗಿ ಪೈರು ನಾಟಿ ಮಾಡೋರಿಗೆ ಇದನ್ನು ಹೇಳಿಕೊಡಬೇಕಾ? ಬಳ್ಳಿ ನಮ್ಮ ಬದುಗಳಿಂದಲೇ ತರಬಹುದು. ಆದರೆ ಬೇರಿನ ಮಣ್ಣು ಕೊಡವಿ ತನ್ನಿ, ಜೇಕಿನ ಗಡ್ಡೆ ಒಂದು ಬಂದ್ರೂ ಮುಂದೆ ಅದನ್ನು ತೆಗೆಯೋಕಾಗಲ್ಲ.

ಎರಡು ಮೂರಿಂಚು ಬೆಳೆದ ಮೇಲೆ ಕಟಿಂಗ್. ತೋಟಕ್ಕೆ ಹೊಡೆಯೋ ಬ್ರಷ್ ಕಟ್ಟರ್ ಸಾಕು, ಸ್ವಲ್ಪ ಎತ್ತಿ ಹಿಡೀಬೇಕು ಅಷ್ಟೆ. ಒಂದೇ ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕತ್ತರಿಸಬೇಡಿ, ಬೇರು ಸೊರಗುತ್ತೆ. ಇಂಗ್ಲೆಂಡಿನ ಲಾರ್ಡ್ಸ್ ಮೈದಾನದಲ್ಲೂ ಯಂತ್ರ ಬರೋಕೆ ಮುಂಚೆ ಹುಲ್ಲು ಮೇಯ್ತಿದ್ದದ್ದು ಕುರಿಗಳೇ. ಹಾಗಾಗಿ ನಮ್ಮೂರ ಕುರಿ ಮಂದೆಗೆ ನನ್ನ ಅಭ್ಯಂತರ ಇಲ್ಲ. ಎಮ್ಮೆ ಹಸು ಮಾತ್ರ ಮಳೆಗಾಲದಲ್ಲಿ ಬಿಡಬೇಡಿ. ಗೊರಸಿನ ಗುಂಡಿ ಒಣಗಿದ ಮೇಲೆ ಓಡೋ ಹುಡುಗರ ಕಾಲು ಉಳುಕುತ್ತೆ. ರೋಲರ್ ಪಿಚ್ ಮೇಲಷ್ಟೇ ಓಡಾಡ್ಲಿ. ಮದುವೆ ಶಾಮಿಯಾನದ ಲಾರಿನೂ ಒಳಗೆ ಬರಬಾರದು. ಮಣ್ಣು ಗಟ್ಟಿಯಾದ್ರೆ ನೀರು ಇಂಗಲ್ಲ.

ಈಗ ಬೋರ್ ವಿಷಯ, ನನಗೆ ಜಾಸ್ತಿ ಸಿಟ್ಟು ಇರೋದು ಇಲ್ಲೇ. ಮೈದಾನ ಎರಡು ಎಕರೆ. ಅದರ ಮೇಲೆ ಒಂದಿಂಚು ನೀರು ಬೀಳಬೇಕಂದ್ರೆ 2 ಲಕ್ಷ ಲೀಟರ್ ಬೇಕು, ಅಂದ್ರೆ 5 ಸಾವಿರ ಲೀಟರಿನ ಟ್ಯಾಂಕರ್ 40. ಬೇಸಿಗೇಲಿ ಹುಲ್ಲು ಹಸಿರಾಗಿರಬೇಕಂದ್ರೆ ವಾರ ವಾರವೂ ಇಂಥ ಲೆಕ್ಕವೇ. 2016ರ ಬರದಲ್ಲಿ ಬಾಂಬೆ ಹೈಕೋರ್ಟು ಏಪ್ರಿಲ್ 30ರ ನಂತರದ ಐಪಿಎಲ್ ಮ್ಯಾಚುಗಳನ್ನು ಮಹಾರಾಷ್ಟ್ರದಿಂದಲೇ ಹೊರಗೆ ಕಳಿಸ್ತು. 2024ರಲ್ಲಿ ಬೆಂಗಳೂರಲ್ಲಿ ನೀರಿಗೆ ಪರದಾಟ ಆದಾಗ ಚಿನ್ನಸ್ವಾಮಿ ಸ್ಟೇಡಿಯಂಗೆ ಜಲಮಂಡಳಿ ಕೊಟ್ಟಿದ್ದು ಕಬ್ಬನ್ ಪಾರ್ಕ್ ಘಟಕದಲ್ಲಿ ಶುದ್ಧ ಮಾಡಿದ ಚರಂಡಿ ನೀರು. ಅಷ್ಟು ದುಡ್ಡಿರೋರೇ ಹಾಗೆ ಮಾಡಿರುವಾಗ ನಾವು ತೆಂಗಿನ ಬಾಯಿಂದ ಕಿತ್ತು ಹುಲ್ಲಿಗೆ ಬಿಡೋದಾ? ಗರಿಕೆಗೆ ಅದು ಬೇಕಾಗೂ ಇಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಕಂದು ತಿರುಗುತ್ತೆ, ಆದರೆ ಸಾಯಲ್ಲ. ಮೊದಲ ಮಳೆಗೆ ಚಿಗುರುತ್ತೆ. ಕಂದು ಹುಲ್ಲಿನ ಮೇಲೆ ಬಿದ್ರೂ ಮಂಡಿ ಒಡೆಯಲ್ಲ.

"ಮಳೆ ಬಂದ್ರೆ ಚಿನ್ನಸ್ವಾಮೀಲಿ ಬೇಗ ಒಣಗುತ್ತಲ್ಲ ಅಂಕಲ್" ಅಂದ ಒಬ್ಬ ಹುಡುಗ. ಹೌದಪ್ಪ. 2015ರಲ್ಲಿ ಅಲ್ಲೇ ದಕ್ಷಿಣ ಆಫ್ರಿಕಾ ಟೆಸ್ಟ್ ಒಂದೇ ದಿನ ನಡೀತು, ಉಳಿದ ನಾಲ್ಕು ದಿನ ಮಳೆಗೆ ಹೋಯ್ತು. ಆಮೇಲೆ ಅವರು ಮರಳಿನ ನೆಲ ಮಾಡಿ, ಅಡಿಯಲ್ಲಿ ಪೈಪ್ ಹಾಕಿ ಮೋಟಾರಿಂದ ನೀರು ಹೀರೋ ವ್ಯವಸ್ಥೆ ಕೂರಿಸಿದ್ರು. ಅದು ಕೋಟಿಗಳ ಮಾತು. ನಮ್ಮ ಕೈಲಾಗೋದು ಇಳಿಜಾರು, ಗಟ್ಟಿಯಾಗದ ಮಣ್ಣು, ಅಷ್ಟೇ.

ಹುಡುಗರದ್ದೂ ಒಂದು ನ್ಯಾಯ ಇದೆ. ನಾಟಿ ಮಾಡಿದ್ರೆ ಮೂರು ತಿಂಗಳು ಆಡೋ ಹಾಗಿಲ್ಲ, ಹಾಸು ತಂದ್ರೆ ಒಂದೇ ತಿಂಗಳು ಅಂತಾರೆ. ನಿಜ. ಆದರೆ ಹಾಸಿಗೂ ಬೇರು ಹಿಡಿಯೋವರೆಗೆ ದಿನಾ ನೀರು ಬೇಕು, ಅದೂ ಮಳೆ ಕೈಕೊಟ್ರೆ? ಈಗ ನಾಟಿ ಮಾಡಿದ್ರೆ ದಸರಾ ಹೊತ್ತಿಗೆ ನೆಲ ಮುಚ್ಚಿರುತ್ತೆ, ಸಂಕ್ರಾಂತಿಗೆ ಆಡಬಹುದು. ಚಳಿಗೆ ಗರಿಕೆ ಬೆಳೆಯಲ್ಲ, ಹಾಗಾಗಿ ಶ್ರಾವಣ ಕಳೆದ ಮೇಲೆ ನಾಟಿಗೆ ಹೋದ್ರೆ ಪ್ರಯೋಜನ ಇಲ್ಲ. ಅಲ್ಲಿವರೆಗೂ ಆಡೋಕೆ ನಮ್ಮ ಕಣದ ಜಾಗ ಬಿಟ್ಟುಕೊಡ್ತೀನಿ, ಟೆನ್ನಿಸ್ ಬಾಲ್ ಆದ್ರೆ ಮಾತ್ರ. ಹೆಂಚಿನ ಮನೆ ಪಕ್ಕದಲ್ಲೇ ಇದೆ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಪಂಚಾಯ್ತಿ ಆಫೀಸಿನಲ್ಲಿ ಮೀಟಿಂಗ್. ಮೈದಾನದ ಪಕ್ಕ ತೋಟ ಇರೋರು ತಪ್ಪದೇ ಬನ್ನಿ. ಟ್ರ್ಯಾಕ್ಟರ್ ನಂದು, ಈ ಸಲ ಕಲ್ಟಿವೇಟರ್ ಕಟ್ಕೊಂಡು ಬರ್ತೀನಿ, ಬ್ಲೇಡ್ ಅಲ್ಲ. ಔಷಧಿ ಹೊಡೆಯದ ಬದುವಿನಲ್ಲಿ ಒಳ್ಳೆ ಗರಿಕೆ ಇರೋರು ಕೆಳಗೆ ಕಾಮೆಂಟಲ್ಲಿ ತಿಳಿಸಿ.