ಯುದ್ಧವೆಂಬ ಕಚೇರಿ

ಯುದ್ಧದ ಅಧ್ಯಯನವೆಂದೊಡನೆ ಸೇನಾನಿಗಳ ಶೌರ್ಯವೂ ರಾಜತಂತ್ರಜ್ಞರ ಚಾತುರ್ಯವೂ ನೆನಪಿಗೆ ಬರುವುದು ಸಹಜ. ಆದರೆ ಆಧುನಿಕ ಯುದ್ಧವನ್ನು ನಡೆಸುವುದು ಒಂದು ಬೃಹತ್ ಕಚೇರಿ. ಅಲ್ಲಿ ಗುಮಾಸ್ತರಿದ್ದಾರೆ, ಲೆಕ್ಕಪತ್ರಗಳಿವೆ, ಮೇಲಧಿಕಾರಿಗೆ ವರದಿ ಒಪ್ಪಿಸುವ ಆತುರವಿದೆ. ಆಡಳಿತ ನಿರ್ವಹಣಾಶಾಸ್ತ್ರವು ಈ ಕಚೇರಿಯಿಂದ ವಿದ್ಯೆಯನ್ನು ಧಾರಾಳವಾಗಿ ಎರವಲು ಪಡೆದಿದೆಯೇ ಹೊರತು, ಆ ಕಚೇರಿಯನ್ನೇ ಪರೀಕ್ಷಿಸುವ ಗೋಜಿಗೆ ಹೋದದ್ದು ಕಡಿಮೆ.

ಎರವಲಿನ ಮಾತು ಉತ್ಪ್ರೇಕ್ಷೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ಭೌತವಿಜ್ಞಾನಿ ಬ್ಲ್ಯಾಕೆಟ್ ಮತ್ತು ಅವರ ಸಂಗಡಿಗರು ನೌಕಾನಷ್ಟದ ಅಂಕಿಗಳನ್ನು ಶೋಧಿಸಿ, ಸರಕುಹಡಗುಗಳು ದೊಡ್ಡ ಗುಂಪುಗಳಲ್ಲಿ ಸಾಗುವುದೇ ಕ್ಷೇಮವೆಂದು ತೋರಿಸಿಕೊಟ್ಟರು. ಅಂತಹ ಲೆಕ್ಕಾಚಾರವೇ ಮುಂದೆ ಕಾರ್ಖಾನೆಗಳನ್ನೂ ಪಠ್ಯಪುಸ್ತಕಗಳನ್ನೂ ಸೇರಿತು.

ಇದರ ಇನ್ನೊಂದು ಮುಖವನ್ನು ಕಾಣಲು ರಾಬರ್ಟ್ ಮ್ಯಾಕ್‌ನಮಾರಾ ಅವರ ವೃತ್ತಾಂತ ಸಾಕು. ಹಾರ್ವರ್ಡ್‌ನ ವಾಣಿಜ್ಯಾಡಳಿತ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅವರು 1943ರಲ್ಲಿ ಅಮೆರಿಕದ ವಾಯುಪಡೆ ಸೇರಿ ಬಾಂಬರ್ ವಿಮಾನಗಳ ಕಾರ್ಯದಕ್ಷತೆಯನ್ನು ಅಳೆದರು; 1960ರಲ್ಲಿ ಫೋರ್ಡ್ ಮೋಟಾರ್ ಕಂಪನಿಯ ಅಧ್ಯಕ್ಷರಾದರು; ಮರುವರ್ಷವೇ ದೇಶದ ರಕ್ಷಣಾ ಕಾರ್ಯದರ್ಶಿ. ಸ್ಥಿರವಾದ ರಣರೇಖೆಯೇ ಇಲ್ಲದ ವಿಯೆಟ್ನಾಂ ಯುದ್ಧದಲ್ಲಿ ಪ್ರಗತಿಯನ್ನು ಅಳೆಯಲು ಸತ್ತ ಶತ್ರುಗಳ ಎಣಿಕೆ ಮುಖ್ಯ ಅಳತೆಗೋಲಾಯಿತು. ಎಣಿಕೆ ಹೆಚ್ಚಾದಷ್ಟೂ ದಳಪತಿಗೆ ಮನ್ನಣೆ. ಸಂಖ್ಯೆ ಉಬ್ಬಿತು; ಸತ್ತ ರೈತನೂ ಶತ್ರುವಿನ ಪಟ್ಟಿಗೆ ಸೇರಿದ. ತನಿಖಾಧಿಕಾರಿ ಬರುವ ಮುನ್ನಾದಿನ ಹಾಜರಿ ಪುಸ್ತಕ ತಿದ್ದುವುದನ್ನು ಕಂಡವರಿಗೆ ಈ ಮನೋಧರ್ಮ ತೀರ ಅಪರಿಚಿತವೇನಲ್ಲ. 1967ರಲ್ಲಿ ಹಳ್ಳಿಹಳ್ಳಿಗೂ ಭದ್ರತೆಯ ದರ್ಜೆ ಕೊಟ್ಟು ಗಣಕಯಂತ್ರಕ್ಕೆ ಉಣಿಸುವ ಏರ್ಪಾಡೂ ಆಯಿತು. ಬಹುಪಾಲು ಜನರು ಸುರಕ್ಷಿತರೆಂದು ಯಂತ್ರ ಸಾರಿತು. 1968ರ ಜನವರಿಯ ಕೊನೆಗೆ, ಟೆಟ್ ಹಬ್ಬದ ವೇಳೆ, ನೂರಕ್ಕೂ ಹೆಚ್ಚು ನಗರ-ಪಟ್ಟಣಗಳ ಮೇಲೆ ದಾಳಿ ಎರಗಿತು.

ಇದನ್ನು ಒಬ್ಬ ವ್ಯಕ್ತಿಯ ದುಷ್ಟತನವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಆ ಕಚೇರಿಯಲ್ಲಿದ್ದವರು ಬಹುಮಟ್ಟಿಗೆ ಶ್ರದ್ಧಾವಂತರು, ವಿದ್ಯಾವಂತರು. ಅಹಿತವಾದ ವರದಿ ಯಾವ ಮೆಟ್ಟಿಲಲ್ಲಿ ನಿಂತುಹೋಗುತ್ತದೆ, ಎಣಿಸಲಾಗದ್ದನ್ನು ಸಂಸ್ಥೆ ಹೇಗೆ ಮರೆಯುತ್ತದೆ ಎಂಬುದೇ ಇಲ್ಲಿ ಸಂಶೋಧನೆಗೆ ತಕ್ಕ ಪ್ರಶ್ನೆ. ಯುದ್ಧವನ್ನು ನಿರ್ವಹಣಾಶಾಸ್ತ್ರದ ತರಗತಿಗೆ ತಂದರೆ ಅದಕ್ಕೆ ಇಲ್ಲದ ಗೌರವ ಬಂದೀತೆಂಬ ಆಕ್ಷೇಪವುಂಟು. ಅದು ನಿರಾಧಾರವಲ್ಲ, ಆದರೂ ಯುದ್ಧದ ಉಪಕರಣಗಳನ್ನು ಕಲಿಸುತ್ತ ಅವುಗಳಿಂದಾದ ಅನಾಹುತವನ್ನು ಮರೆಮಾಚುವುದು ಅದಕ್ಕಿಂತ ಹೆಚ್ಚಿನ ಗೌರವವಲ್ಲವೇ?

ಮ್ಯಾಕ್‌ನಮಾರಾ ತಮ್ಮ ತಪ್ಪನ್ನು ಗ್ರಂಥರೂಪದಲ್ಲಿ ಒಪ್ಪಿಕೊಂಡದ್ದು 1995ರಲ್ಲಿ, ಅಧಿಕಾರ ಬಿಟ್ಟು 27 ವರ್ಷಗಳ ಮೇಲೆ. ಅದಕ್ಕೂ ಮುನ್ನವೇ, 1977ರಲ್ಲಿ, ಸೇನೆಯಿಂದ ನಿವೃತ್ತರಾಗಿ ಅಧ್ಯಾಪಕರಾಗಿದ್ದ ಡಗ್ಲಸ್ ಕಿನ್ನಾರ್ಡ್ ಅವರು ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದ್ದ ಜನರಲ್‌ಗಳನ್ನೇ ಪ್ರಶ್ನಿಸಿ ‘ದಿ ವಾರ್ ಮ್ಯಾನೇಜರ್ಸ್’ ಎಂಬ ಗ್ರಂಥ ಪ್ರಕಟಿಸಿದ್ದರು. ಉತ್ತರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಎಣಿಕೆ ಅನೇಕ ವೇಳೆ ಉಬ್ಬಿಸಿದ್ದೆಂದು ಒಪ್ಪಿದ್ದರು.