ಗೋಡೆಯ ಹಿಂದಿನ ಉಸ್ತಾದ್

ಮಾರ್ಕ್ಸ್ ಕಡಿಮೆ ಬಂದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಒಂದು ಮಾತಿದೆ: "ಸರಿಯಾಗಿ ಓದದಿದ್ದರೆ ಗ್ಯಾರೇಜಿಗೆ ಹಾಕಿಬಿಡ್ತೀನಿ ನೋಡು." ಉರ್ದುವಿನಲ್ಲಿ ಹೇಳಿದರೂ ಕನ್ನಡದಲ್ಲಿ ಹೇಳಿದರೂ ಅರ್ಥ ಒಂದೇ, ಗ್ಯಾರೇಜ್ ಅಂದರೆ ಶಿಕ್ಷೆ. ಈ ಮಾತನ್ನು ನಾವು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳಲು ಅಮೆರಿಕದ ಕಾರ್ ರೇಸಿನ ಒಂದು ಕೆಲಸದ ಬಗ್ಗೆ ಬರೆಯುತ್ತೇನೆ. ಆ ಕೆಲಸದ ಹೆಸರು ಕ್ರೂ ಚೀಫ್.

ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸಿಂಗ್ ಎಂಬ ಆಟವಿದೆ. ಮೊದಲೆಲ್ಲ ಶೋರೂಮಿನಲ್ಲಿ ಮಾರುವ ಮಾಮೂಲಿ ಕಾರುಗಳನ್ನೇ ಓಡಿಸುತ್ತಿದ್ದುದರಿಂದ ಆ ಹೆಸರು ಬಂತು. ಈಗಿನ ಕಾರುಗಳು ರೇಸಿಗೆಂದೇ ತಯಾರಾದವು. 1948ರಲ್ಲಿ ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿ ಹುಟ್ಟಿದ ನಾಸ್ಕಾರ್ ಸಂಸ್ಥೆ ಈ ರೇಸುಗಳನ್ನು ನಡೆಸುತ್ತದೆ. ಟಿವಿಯಲ್ಲಿ ನಮಗೆ ಕಾಣುವುದು ಡ್ರೈವರ್. ಆದರೆ ಪಿಟ್ ಗೋಡೆಯ ಹಿಂದೆ, ಎತ್ತರದ ಆಸನದಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತ ಇನ್ನೊಬ್ಬನಿರುತ್ತಾನೆ. ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಹೇಳುವುದಾದರೆ ಅವನೇ ಉಸ್ತಾದ್.

ಡ್ರೈವರ್ ರೇಡಿಯೋದಲ್ಲಿ "ಕಾರು ಟೈಟ್ ಆಗಿದೆ" ಅನ್ನುತ್ತಾನೆ. ಅಂದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಜಾರುತ್ತಿವೆ, ಕಾರು ತಿರುಗಲು ಒಪ್ಪುತ್ತಿಲ್ಲ. "ಲೂಸ್ ಆಗಿದೆ" ಅಂದರೆ ಹಿಂಭಾಗ ಜಾರುತ್ತಿದೆ. ಇಷ್ಟು ಮಾತು ಕೇಳಿ ಕ್ರೂ ಚೀಫ್ ತೀರ್ಮಾನಿಸಬೇಕು. ಯಾವ ಟೈರಿನಲ್ಲಿ ಎಷ್ಟು ಗಾಳಿ? ಎಷ್ಟು ಪೆಟ್ರೋಲ್? ಈಗಲೇ ಒಳಗೆ ಕರೆಯಬೇಕೇ, ಇನ್ನೂ ಹತ್ತು ಸುತ್ತು ಬಿಡಬೇಕೇ? ಕಾರು ಒಳಗೆ ಬಂದರೆ ನಾಲ್ಕು ಟೈರ್ ಬದಲಾಯಿಸಿ ಪೆಟ್ರೋಲ್ ತುಂಬಲು ಇಂದಿನ ತಂಡಗಳಿಗೆ ಸುಮಾರು ಹತ್ತು ಸೆಕೆಂಡ್ ಸಾಕು. ಆ ಹತ್ತು ಸೆಕೆಂಡಿನ ಹಿಂದೆ ಇಡೀ ವಾರದ ಕೆಲಸವಿರುತ್ತದೆ.

ಈ ಕೆಲಸದಲ್ಲಿ ದೊಡ್ಡ ಹೆಸರು ರೇ ಎವರ್ನ್‌ಹ್ಯಾಮ್. ನ್ಯೂಜೆರ್ಸಿಯವರು. ಅವರಿಗೆ ಡ್ರೈವರ್ ಆಗುವ ಆಸೆಯಿತ್ತು. 1991ರಲ್ಲಿ ರೇಸಿನಲ್ಲಿ ಅಪಘಾತವಾಗಿ ತಲೆಗೆ ಪೆಟ್ಟು ಬಿತ್ತು, ಆ ಕನಸು ಅಲ್ಲಿಗೆ ನಿಂತಿತು. ಆದರೆ ಅವರ ಕೈಯಲ್ಲಿ ಕಾರಿನ ಚಾಸಿಯ ಕೆಲಸವಿತ್ತು. 1992ರ ಕೊನೆಯಲ್ಲಿ ಜೆಫ್ ಗಾರ್ಡನ್ ಎಂಬ ಹೊಸ ಹುಡುಗ ದೊಡ್ಡ ರೇಸಿಗೆ ಇಳಿದಾಗ ಅವನ ಕ್ರೂ ಚೀಫ್ ಇವರೇ. ಇಬ್ಬರೂ ಸೇರಿ 47 ರೇಸುಗಳನ್ನೂ 1995, 1997, 1998ರ ಚಾಂಪಿಯನ್‌ಶಿಪ್‌ಗಳನ್ನೂ ಗೆದ್ದರು.

ಇದರಲ್ಲಿ ಕಾಮರ್ಸ್ ವಿದ್ಯಾರ್ಥಿಗೆ ಏನಿದೆ ಎಂದು ಕೇಳಬಹುದು. ಬಹಳ ಇದೆ. ಆಗ ವಾರವಿಡೀ ಕಾರು ಕಟ್ಟುವ ಮೆಕ್ಯಾನಿಕ್‌ಗಳೇ ಭಾನುವಾರ ಟೈರನ್ನೂ ಬದಲಾಯಿಸುತ್ತಿದ್ದರು. ಎವರ್ನ್‌ಹ್ಯಾಮ್ ತಂಡ ಆ ಕೆಲಸವನ್ನು ಬೇರೆ ಮಾಡಿತು. ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿದ್ದ ಒಬ್ಬರನ್ನು ಕೋಚ್ ಆಗಿ ತಂದು, ಪಿಟ್ ತಂಡಕ್ಕೆ ಕ್ರೀಡಾಪಟುಗಳಂತೆ ವ್ಯಾಯಾಮ, ಅಭ್ಯಾಸ ಶುರುಮಾಡಿದರು. ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ಕೆಲಸದ ವಿಭಜನೆ ಎಂದು ಐದು ಅಂಕಕ್ಕೆ ಬರೆಯುವುದು ಇದನ್ನೇ.

1994ರ ಮೇ ತಿಂಗಳಲ್ಲಿ ಷಾರ್ಲೆಟ್‌ನಲ್ಲಿ 600 ಮೈಲಿಯ ರೇಸ್ ನಡೆಯಿತು. ಕೊನೆಯ ಬಾರಿ ಪಿಟ್‌ಗೆ ಬಂದಾಗ ಎದುರಾಳಿ ರಸ್ಟಿ ವ್ಯಾಲೇಸ್ ನಾಲ್ಕು ಟೈರ್ ಹಾಕಿಸಿಕೊಂಡರು. ಎವರ್ನ್‌ಹ್ಯಾಮ್ ಎರಡೇ ಸಾಕು ಅಂದರು. ಎರಡು ಟೈರ್ ಅಂದರೆ ಸಮಯದ ಉಳಿತಾಯ, ಆದರೆ ಹಿಡಿತ ಕಡಿಮೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಅರ್ಥಶಾಸ್ತ್ರದ ಸರ್ ಇದಕ್ಕೆ ಅವಕಾಶ ವೆಚ್ಚ ಅನ್ನುತ್ತಾರೆ. ಗಾರ್ಡನ್ ಗೆದ್ದರು. ಅದು ಆ 22 ವರ್ಷದ ಹುಡುಗನ ಮೊದಲ ದೊಡ್ಡ ಗೆಲುವು. ಸೋತಿದ್ದರೆ "ನಾಲ್ಕು ಹಾಕಬೇಕಿತ್ತು" ಎಂದು ಎಲ್ಲರೂ ಬೈಯುತ್ತಿದ್ದುದು ಕ್ರೂ ಚೀಫ್‌ನನ್ನು.

ಈ ಬೈಗುಳದ ವಿಷಯವೇ ನನಗೆ ಮುಖ್ಯ. ಎವರ್ನ್‌ಹ್ಯಾಮ್ ಕೈಕೆಳಗೆ ಚಾಡ್ ಕ್ನಾಸ್ ಎಂಬ ಯುವಕ ಟೈರ್ ಬದಲಾಯಿಸುತ್ತಿದ್ದ. ಮುಂದೆ ಅವರೇ ಜಿಮ್ಮಿ ಜಾನ್ಸನ್‌ಗೆ ಕ್ರೂ ಚೀಫ್ ಆಗಿ 7 ಚಾಂಪಿಯನ್‌ಶಿಪ್ ಗೆಲ್ಲಿಸಿದರು. ಅದರಲ್ಲಿ 2006ರಿಂದ 2010ರವರೆಗೆ ಸತತ 5. ಆದರೆ 2006ರ ಡೇಟೋನಾ 500 ರೇಸಿಗೆ ಮೊದಲು ಅವರ ಕಾರಿನಲ್ಲಿ ನಿಯಮಕ್ಕೆ ವಿರುದ್ಧವಾದ ಬದಲಾವಣೆ ಸಿಕ್ಕಿಬಿತ್ತು. ಅಧಿಕಾರಿಗಳು ಮನೆಗೆ ಕಳುಹಿಸಿದ್ದು ಡ್ರೈವರನ್ನಲ್ಲ, ಕ್ರೂ ಚೀಫ್‌ನನ್ನು. ಡೇರಿಯನ್ ಗ್ರಬ್ ಎಂಬ ಸಹೋದ್ಯೋಗಿ ಆ ಜಾಗದಲ್ಲಿ ಕುಳಿತರು, ತಂಡ ಆ ರೇಸನ್ನು ಗೆದ್ದಿತು.

ನಿಯಮ ಮುರಿದದ್ದನ್ನು ನಾನು ಜಾಣತನ ಎಂದು ಹೊಗಳುವುದಿಲ್ಲ. ನಾಳೆ ಲೆಕ್ಕಪತ್ರಗಳಿಗೆ ಸಹಿ ಹಾಕಬೇಕಾದ ನಮ್ಮಂಥವರು ಹೊಗಳಲೂಬಾರದು. ನಾನು ಗಮನಿಸಿದ್ದು ಎರಡು ವಿಷಯ. ಒಂದು, ಅಧಿಕಾರವನ್ನು ಹಂಚಬಹುದು, ಉತ್ತರದಾಯಿತ್ವವನ್ನು ಹಂಚಲಾಗದು ಎಂಬ ನಮ್ಮ ಡೆಲಿಗೇಶನ್ ಪಾಠದ ಮಾತು ಅಲ್ಲಿ ನಿಜವಾಗಿ ಜಾರಿಯಲ್ಲಿದೆ. ಇನ್ನೊಂದು, ಉಸ್ತಾದ್ ಇಲ್ಲದ ದಿನವೂ ಕೆಲಸ ನಿಲ್ಲದಂತೆ ಶಾಗಿರ್ದ್‌ಗಳು ತಯಾರಾಗಿದ್ದರು.

ಈ ಕೆಲಸಕ್ಕೆ ಬೆಲೆಯೂ ಇದೆ. ಫೆಬ್ರವರಿಯಿಂದ ನವೆಂಬರ್‌ವರೆಗೆ 36 ರೇಸುಗಳು. ಹೆಚ್ಚುಕಡಿಮೆ ಪ್ರತಿ ವಾರಾಂತ್ಯ ಮನೆಯಿಂದ ದೂರ. ಎವರ್ನ್‌ಹ್ಯಾಮ್ 1999ರಲ್ಲೇ ಗಾರ್ಡನ್ ತಂಡ ಬಿಟ್ಟು ಸ್ವಂತ ತಂಡ ಕಟ್ಟಲು ಹೊರಟರು. ಕ್ನಾಸ್ 2020ರ ನಂತರ ಆ ಆಸನ ಬಿಟ್ಟು ಆಡಳಿತಕ್ಕೆ ಹೋದರು.

"ಅಮೆರಿಕದ ಕಥೆ ನಮಗೇಕೆ? ನಮ್ಮ ಗ್ಯಾರೇಜಿನ ಹುಡುಗನಿಗೆ ಅಂಥ ಸಂಬಳ ಎಲ್ಲಿದೆ?" ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ಓದು ಬಿಟ್ಟು ಗ್ಯಾರೇಜಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಕೂಡ ಇಂದು ಅನೇಕ ಕ್ರೂ ಚೀಫ್‌ಗಳು ಎಂಜಿನಿಯರಿಂಗ್ ಪದವೀಧರರು. ನಾನು ಹೇಳುವುದು ಇಷ್ಟೇ: ಅಲ್ಲಿ ಗ್ಯಾರೇಜಿನ ಕೆಲಸ ಮತ್ತು ಓದು ಒಂದೇ ಮನುಷ್ಯನಲ್ಲಿ ಸೇರುತ್ತವೆ. ನಮ್ಮಲ್ಲಿ ಚೆನ್ನಾಗಿ ಓದುವವನು ಗ್ಯಾರೇಜಿನತ್ತ ನೋಡುವಂತಿಲ್ಲ, ಗ್ಯಾರೇಜಿಗೆ ಹೋದವನಿಗೆ ಮತ್ತೆ ಪುಸ್ತಕ ಕೊಡುವವರಿಲ್ಲ. ಎಂಜಿನ್ ಶಬ್ದ ಕೇಳಿಯೇ ತೊಂದರೆ ಹೇಳಬಲ್ಲ ಉಸ್ತಾದ್‌ಗೆ ಬಿಲ್ ಬರೆಯಲು, ಜಿಎಸ್‌ಟಿ ತುಂಬಲು, ಸಾಲದ ಅರ್ಜಿ ಹಾಕಲು ಬೇರೆಯವರು ಬೇಕು. ಅದನ್ನು ಕಲಿಯುತ್ತಿರುವ ನಾವು ಅವರ ಕೆಲಸವನ್ನು ಬೆದರಿಕೆಯ ಮಾತಾಗಿ ಬಳಸುತ್ತೇವೆ.

ಆದ್ದರಿಂದ ಕಾಲೇಜಿಗೆ ನನ್ನದೊಂದು ವಿನಂತಿ. ಮುಂದಿನ ಕರಿಯರ್ ಗೈಡೆನ್ಸ್ ಕಾರ್ಯಕ್ರಮಕ್ಕೆ ಸಿಎ, ಬ್ಯಾಂಕ್ ಮ್ಯಾನೇಜರ್ ಜೊತೆಗೆ ಊರಿನ ಒಬ್ಬ ಗ್ಯಾರೇಜ್ ಉಸ್ತಾದರನ್ನೂ ವೇದಿಕೆಗೆ ಕರೆಯಿರಿ. ಸಹಪಾಠಿಗಳೇ, ಅವರನ್ನು ಕೇಳಲು ಪ್ರಶ್ನೆಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ನನ್ನ ಮೊದಲ ಪ್ರಶ್ನೆ ಸಿದ್ಧವಾಗಿದೆ: ಶಾಗಿರ್ದ್ ಮಾಡಿದ ತಪ್ಪಿಗೆ ಗಿರಾಕಿಯ ಮುಂದೆ ನೀವು ಹೇಗೆ ಉತ್ತರ ಕೊಡುತ್ತೀರಿ?